ಬೂದಿಯ ಗುಣ

ಬೊಮ್ಮಸಂದ್ರದಲ್ಲಿ ನಾವು ಮನೆ ಕಟ್ಟಿಸತೊಡಗಿದಾಗ, ಸಿಮೆಂಟಿನ ಚೀಲದ ಮೇಲೆ ಹಾರುಬೂದಿ ಬೆರೆತಿದೆಯೆಂದು ಓದಿದ ನನ್ನ ಮನೆಯಾಕೆಯು, "ಪಾತ್ರೆ ಬೆಳಗುವ ಬೂದಿಯಿಂದ ಮನೆ ನಿಲ್ಲುವುದುಂಟೆ?" ಎಂದು ಕಳವಳಗೊಂಡಳು. ನನಗೂ ಶಂಕೆ ಹುಟ್ಟದಿರಲಿಲ್ಲ.

ನನ್ನ ತಾಯಿಯವರು ಮಾತ್ರ ನಕ್ಕು, "ಕನ್ನಂಬಾಡಿಯ ಕಟ್ಟೆಯನ್ನು ನೋಡಿಲ್ಲವೇನಮ್ಮ? ಅದು ಸುರ್ಕಿಯ ಗಾರೆಯದು" ಎಂದರು. ದಿಟವೇ. 1911ರಲ್ಲಿ ಆರಂಭವಾದ ಆ ಕಟ್ಟೆಯ ಕಲ್ಲುಗಳನ್ನು ಬೆಸೆದುದು ಸುಣ್ಣವೂ ಸುಟ್ಟ ಇಟ್ಟಿಗೆಯ ಪುಡಿಯೂ. ರಾಯಚೂರಿನ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿಗೂ, ಹದವರಿತು ಸುಟ್ಟ ಬತ್ತದ ಹೊಟ್ಟಿನ ಬೂದಿಗೂ ಇರುವ ಗುಣ ಅದೇ. ನೀರುಂಡ ಸಿಮೆಂಟು ಹೊರಬಿಡುವ ಸುಣ್ಣದೊಡನೆ ಅವು ಮೆಲ್ಲಮೆಲ್ಲನೆ ಬೆಸೆದುಕೊಂಡು, ಒಳಗಿನ ಸೂಕ್ಷ್ಮ ರಂಧ್ರಗಳನ್ನು ತುಂಬುತ್ತವೆ. ನೀರು ಸುಲಭವಾಗಿ ಒಳಗಿಳಿಯದು.

ಆದರೆ ಇದಕ್ಕೆ ಕಾಲವೂ ತೇವವೂ ಬೇಕು. ಟ್ಯಾಂಕರಿನ ನೀರಿನ ಬೆಲೆಗೆ ಅಂಜಿ, ಕೆಳಮನೆಯ ಚಾವಣಿಗೆ ನೀರುಣಿಸುವುದನ್ನು ಐದನೆಯ ದಿನವೇ ನಾನು ನಿಲ್ಲಿಸಿಬಿಟ್ಟೆನು. ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಂಡವು. ಬೂದಿಯನ್ನು ದೂರಿದೆನು, ತಪ್ಪು ನನ್ನದಾಗಿತ್ತು. ಇಂಥ ಸಿಮೆಂಟಿಗೆ ಹತ್ತು ದಿನಗಳಾದರೂ ನೀರು ಬೇಕೆಂಬುದು ನಿಯಮ.

ಮಹಡಿಯ ಚಾವಣಿಗೆ ಮನೆಯಾಕೆಯೇ ಗೋಣಿತಾಟು ಹೊದಿಸಿ, ಎರಡು ವಾರ ಬೆಳಗು ಬೈಗು ನೀರೆರೆದಳು. ಮೊನ್ನೆಯ ಮಳೆಯಲ್ಲಿ ಅಲ್ಲಿ ಒಂದು ಹನಿಯೂ ಸೋರಲಿಲ್ಲ.