ಹ್ಯೂಯೆನ್ ತ್ಸಾಂಗನ ಊರಿಗೆ ಐದು ದಿನ

ಪ್ರವಾಸ ಮುಗಿಸಿ ಬಂದವರು ಪ್ರವಾಸದ ಕಥೆ ಬರೆಯುವುದು ಲೋಕದ ವಾಡಿಕೆ. ನಾವಾದರೋ ಇನ್ನೂ ಮುಂಬಯಿಯ ಗಡಿಯನ್ನೇ ದಾಟಿಲ್ಲ. ಪೆಟ್ಟಿಗೆ ಕಟ್ಟಿಲ್ಲ, ವೀಸಾ ಕೈಗೆ ಬಂದಿಲ್ಲ. ಆದರೂ ಶಾಲೆಯ ಸಂಚಿಕೆಗೆ ಏನಾದರೂ ಬರೆಯಿರೆಂದು ಕೇಳಿದಾಗ ನಮ್ಮ ತಲೆಯಲ್ಲಿದ್ದುದು ಆ ಒಂದೇ ವಿಷಯ. ಹೋಗಿಬಂದ ಮೇಲೆ ನಾವು ಸುಳ್ಳು ಬೆರೆಸಿ ಬರೆದೇವು. ಹೋಗುವ ಮೊದಲು ಬರೆದರೆ ಆ ಭಯವಿಲ್ಲ.

ನಾವು ಎಂದರೆ ಮೂವರು. ನಲವತ್ತೈದು ವರ್ಷಗಳ ಹಿಂದೆ ಈ ನಗರದ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿದ್ದ ಹೋಟೆಲು ಮಾಣಿಗಳು. ಹಗಲೆಲ್ಲ ಗ್ಲಾಸು ತೊಳೆದು, ಟೇಬಲು ಒರಸಿ, ಸಂಜೆ ಕೈಗೆ ಹತ್ತಿದ ಸಾಂಬಾರಿನ ವಾಸನೆಯೊಡನೆಯೇ ಪಾಠಕ್ಕೆ ಬರುತ್ತಿದ್ದವರು. ಇಂದು ನಮ್ಮಲ್ಲೊಬ್ಬನು ಬ್ಯಾಂಕಿನ ಗುಮಾಸ್ತನಾಗಿದ್ದು ನಿವೃತ್ತನಾಗಿರುವನು. ಒಬ್ಬನು ಚಿಕ್ಕದೊಂದು ಉಪಾಹಾರಗೃಹದ ಮಾಲಿಕ. ಮೂರನೆಯವನು ಅಂದೂ ಅಡುಗೆಮನೆಯಲ್ಲಿದ್ದನು, ಇಂದೂ ಅಲ್ಲಿಯೇ ಇರುವನು. ಅವನನ್ನು ಈ ಲೇಖನದಲ್ಲಿ ಭಟ್ಟನೆಂದೇ ಕರೆಯುವೆವು. ಹೆಸರು ಹಾಕಿದರೆ ಅವನು ನಮಗೆ ಕಾಫಿ ಕೊಡುವುದನ್ನು ನಿಲ್ಲಿಸುವನು.

ಚೀನಾ ದೇಶದ ಶಿಯಾನ್ ನಗರಕ್ಕೆ ಹೋಗಬೇಕೆಂಬ ಯೋಚನೆ ಹುಟ್ಟಿದ್ದು ನಮ್ಮ ಇತಿಹಾಸದ ಮಾಸ್ತರರಿಂದ. ಅವರು ಪಾಠ ಹೇಳುತ್ತಿದ್ದಾಗ ಆ ಊರಿನ ಹೆಸರು ಚಾಂಗ್-ಆನ್ ಎಂದಿತ್ತು, ಎಂದರೆ ಅವರ ಬಾಯಲ್ಲಿ ಹಾಗಿತ್ತು. ಏಳನೆಯ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗನೆಂಬ ಭಿಕ್ಷು ರಾಜಾಜ್ಞೆಯನ್ನೂ ಮೀರಿ ಆ ಊರಿನಿಂದ ಹೊರಟು, ಮರುಭೂಮಿ ದಾಟಿ, ಹಿಮಪರ್ವತ ದಾಟಿ, ನಮ್ಮ ದೇಶವನ್ನೆಲ್ಲ ಸುತ್ತಿ, 645ರಲ್ಲಿ 657 ಗ್ರಂಥಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಹಿಂದಿರುಗಿದನೆಂದು ಅವರು ಹೇಳುವಾಗ, ಬಟ್ಟೆಗೆ ಅಂಟಿಸಿದ ಹಳೆಯ ಭೂಪಟದ ಮೇಲೆ ಅವರ ಬೆತ್ತವೂ ಅವನೊಡನೆ ನಡೆಯುತ್ತಿತ್ತು. ನಮ್ಮ ಚಾಲುಕ್ಯ ಪುಲಕೇಶಿಯ ನಾಡಿಗೆ ಬಂದಾಗ ಬೆತ್ತ ನಿಲ್ಲುತ್ತಿತ್ತು. ಹರ್ಷನಂಥ ಚಕ್ರವರ್ತಿಯೂ ಗೆಲ್ಲಲಾರದ ಜನ ಇವರು. ಯುದ್ಧಕ್ಕೆ ಮೊದಲು ಆನೆಗಳಿಗೆ ಮದ್ಯ ಕುಡಿಸುವರು. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆ ಕೊಡದೆ ಹೆಂಗಸರ ಉಡುಗೆ ಕೊಡುವರು: ಇದನ್ನೆಲ್ಲ ಆ ಭಿಕ್ಷುವೇ ಬರೆದಿಟ್ಟಿರುವನು. ದಿನವಿಡೀ ಬೈಗುಳ ತಿಂದು ಬಂದ ಮಾಣಿಗಳಿಗೆ ಅದೆಷ್ಟು ಹೆಮ್ಮೆ! ಮರುದಿನ ಮಾಲಿಕರು ಗದರಿಸಿದರೆ, ‘ನಾವು ಪುಲಕೇಶಿಯ ಕಡೆಯವರು’ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆವು.

ಮೂರು ವರ್ಷಗಳಿಂದ ತಿಂಗಳು ತಿಂಗಳೂ ಹಣ ಕೂಡಿಡುತ್ತ ಬಂದೆವು. 2020ರಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನಗಳು 2025ರ ಅಕ್ಟೋಬರಿನಲ್ಲಿ ಮತ್ತೆ ಹಾರತೊಡಗಿದವೆಂದು ಓದಿದಾಗ, ಇನ್ನು ತಡಮಾಡಬಾರದೆಂದು ನಿಶ್ಚಯಿಸಿದೆವು. ನಮ್ಮ ದಾರಿಯೇನೋ ಹಾಂಗ್‌ಕಾಂಗಿನ ಮೇಲಿಂದ. ಆದರೂ ಬಾಗಿಲು ತೆರೆದ ಸದ್ದು ಕೇಳಿದರೆ ಹೊರಗೆ ಕಾದು ನಿಂತವನಿಗೆ ಧೈರ್ಯ ಬರುತ್ತದಷ್ಟೆ. ಕಾಲವನ್ನೂ ಗೊತ್ತುಮಾಡಿದೆವು: ಅಕ್ಟೋಬರದ ಕೊನೆಯ ವಾರ. ಆ ತಿಂಗಳ ಮೊದಲ ವಾರ ಚೀನೀಯರ ರಾಷ್ಟ್ರೀಯ ರಜೆ. ಆಗ ಇಡೀ ದೇಶವೇ ರೈಲು ಹತ್ತುವುದಂತೆ. ನಮ್ಮ ಗಣೇಶ ಚೌತಿಯ ಹೊತ್ತಿನ ದಾದರ್ ನಿಲ್ದಾಣವನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಊಟದ ಪ್ರಶ್ನೆ. ನಿಜ ಹೇಳಬೇಕೆಂದರೆ ನಮ್ಮ ಕಾರ್ಯಕ್ರಮಪಟ್ಟಿಯಲ್ಲಿ ಹೆಚ್ಚು ಹಾಳೆ ತಿಂದದ್ದು ಇದುವೇ. ಚೀನಾ ಎಂದರೆ ಅನ್ನವೆಂದು ನಾವು ತಿಳಿದಿದ್ದೆವು. ಶಿಯಾನ್ ಗೋಧಿಯ ನಾಡು. ಅಲ್ಲಿ ‘ಬಿಯಾಂಗ್‌ಬಿಯಾಂಗ್’ ಎಂದೊಂದು ಶಾವಿಗೆ ಇದೆ. ಶಾವಿಗೆ ಎಂದರೆ ತಪ್ಪಾದೀತು, ಸೊಂಟದ ಪಟ್ಟಿಯಷ್ಟು ಅಗಲ. ಅದರ ಹೆಸರು ಬರೆಯುವ ಒಂದು ಅಕ್ಷರಕ್ಕೆ ಐವತ್ತಕ್ಕೂ ಹೆಚ್ಚು ಗೆರೆಗಳು. ಕನ್ನಡದ ಒತ್ತಕ್ಷರ ಕಠಿಣವೆಂದು ಗೊಣಗುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಈ ಪಟ್ಟಿಯ ಮೇಲೆ ಮೆಣಸಿನ ಪುಡಿ ಹಾಕಿ, ಹೊಗೆಯಾಡುವ ಎಣ್ಣೆಯನ್ನು ಚೊಯ್ಯೆಂದು ಸುರಿಯುವರು. ‘ಒಗ್ಗರಣೆ!’ ಎಂದು ಭಟ್ಟನು ಕುಳಿತಲ್ಲಿಂದ ಎದ್ದೇಬಿಟ್ಟನು.

ಅವನಿಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ‘ಲಿಯಾಂಗ್‌ಪಿ’. ನಾದಿದ ಗೋಧಿಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ತೊಳೆತೊಳೆದು ಹಾಲು ಬಿಡಿಸುವರು; ಹಾಲನ್ನು ತಿಳಿಯಾಗಲು ಬಿಟ್ಟು, ಮೇಲಿನ ನೀರು ಚೆಲ್ಲಿ, ಅಡಿಯ ಗಸಿಯನ್ನು ತಟ್ಟೆಗೆ ತೆಳ್ಳಗೆ ಹೊಯ್ದು ಹಬೆಯಲ್ಲಿ ಬೇಯಿಸಿ, ಹಾಳೆಯನ್ನು ಕತ್ತರಿಸಿ, ತಣ್ಣಗೆ ಹುಳಿ-ಖಾರ ಕಲಸಿ ಕೊಡುವರು. ಗೋಧಿಯ ಹಾಲು ಹಿಂಡಿ ಹಲ್ವ ಮಾಡುವಾಗ ನಾವು ಮಾಡುವುದೂ ಅರ್ಧದವರೆಗೆ ಇದನ್ನೇ. ಆದರೆ ಉಳಿದ ಅಂಟುಜಿಗುಟನ್ನು ನಾವು ಎಸೆಯುವೆವು. ಅವರು ಅದನ್ನೂ ಹಬೆಯಲ್ಲಿ ಬೇಯಿಸಿ, ತುಂಡುಮಾಡಿ, ಅದೇ ತಟ್ಟೆಗೆ ಹಾಕುವರು. ‘ನಲವತ್ತೈದು ವರ್ಷ ಎಸೆದೆ’ ಎಂದು ಭಟ್ಟನು ಬಹಳ ಹೊತ್ತು ಸುಮ್ಮನಿದ್ದನು.

ಮಾಲಿಕನಿಗೆ ಮಾಂಸ ವರ್ಜ್ಯವಲ್ಲ. ಅವನ ಕಣ್ಣು ‘ಪಾವೊಮೊ’ ಎಂಬುದರ ಮೇಲೆ. ಗಟ್ಟಿಯಾದ ರೊಟ್ಟಿಯನ್ನೂ ಬಟ್ಟಲನ್ನೂ ಗಿರಾಕಿಯ ಮುಂದಿಡುವರು; ಗಿರಾಕಿಯೇ ಕುಳಿತು ಅದನ್ನು ಕಾಳಿನಷ್ಟು ಸಣ್ಣಗೆ ಮುರಿದು ಕೊಟ್ಟ ಮೇಲೆ ಅಡುಗೆಯವನು ಕುರಿಮಾಂಸದ ಸಾರಿನಲ್ಲಿ ಕುದಿಸಿ ತರುವನು. ಗಿರಾಕಿಯಿಂದಲೇ ಕೆಲಸ ಮಾಡಿಸಿ ಅವನಿಂದಲೇ ಹಣ ವಸೂಲು ಮಾಡುವ ಈ ಉಪಾಯ ತನಗೆ ಇಷ್ಟು ಕಾಲ ಹೊಳೆಯಲಿಲ್ಲವಲ್ಲ ಎಂಬುದು ಮಾಲಿಕನ ವ್ಯಥೆ. ಭಟ್ಟನಾದರೋ ನೀರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವನು. ಅವನು ಉಪವಾಸ ಬೀಳುವನೆಂದು ನಾವು ಅಂಜಿದ್ದೆವು. ಚೀನಾದ ಬೌದ್ಧ ಮಠಗಳ ಅಡುಗೆಯಲ್ಲೂ ಮಾಂಸದೊಡನೆ ನೀರುಳ್ಳಿ ಬೆಳ್ಳುಳ್ಳಿಗಳು ನಿಷಿದ್ಧವೆಂದು ತಿಳಿದಾಗ ಅವನು ಆ ದೇಶವನ್ನು ಒಪ್ಪಿಕೊಂಡನು. ಈಗ ಹಪ್ಪಳ ಹುರಿಯುತ್ತಲೂ ‘ವೊ ಛಿ ಸು’ ಎಂದು ಅಭ್ಯಾಸ ಮಾಡುತ್ತಿರುವನು. ‘ನಾನು ಸಸ್ಯಾಹಾರಿ’ ಎಂದರ್ಥ. ಆ ಭಾಷೆಯಲ್ಲಿ ಸ್ವರ ಏರಿಳಿದರೆ ಅರ್ಥವೇ ಬದಲಾಗುವುದರಿಂದ, ಅವನು ನಿಜವಾಗಿ ಏನು ಹೇಳುವನೋ ದೇವರೇ ಬಲ್ಲ. ಮಾಸ್ತರರು ಕಲಿಸಿದ ಹೆಸರೂ ಅಲ್ಲಿ ನಡೆಯದಂತೆ. ಹ್ಯೂಯೆನ್ ತ್ಸಾಂಗನನ್ನು ಅಲ್ಲಿನವರು ಷ್ವಾನ್‌ಜಾಂಗ್ ಎನ್ನುವರು.

ಹೀಗೆ ತಯಾರಾದ ಪಟ್ಟಿಯನ್ನು ಹಿಡಿದು ಒಂದು ರವಿವಾರ ಮಾಸ್ತರರ ಮನೆಗೆ ಹೋದೆವು. ಎಂಬತ್ತು ದಾಟಿದ ಅವರು ಈಗ ಕೋಣೆಯಿಂದ ಹಜಾರದವರೆಗೆ ಮಾತ್ರ ನಡೆಯುವರು. ಭೂತಗನ್ನಡಿ ಹಿಡಿದು ಓದತೊಡಗಿದರು. ಮೊದಲ ದಿನ: 1384ರಲ್ಲಿ ಕಟ್ಟಿ 1582ರಲ್ಲಿ ಈಗಿನ ಜಾಗಕ್ಕೆ ಸರಿಸಿದ ಗಂಟೆಯ ಗೋಪುರ, ಪಕ್ಕದ ನಗಾರಿ ಗೋಪುರ, ಸಂಜೆ ಮುಸಲ್ಮಾನರ ಕೇರಿಯಲ್ಲಿ ತಿಂಡಿ. ಎರಡನೆಯ ದಿನ: ಮಣ್ಣಿನ ಸೈನ್ಯ, ಮರಳಿ ಬಂದು ತಿಂಡಿ. ಮೂರನೆಯ ದಿನ: 13.7 ಕಿಲೋಮೀಟರು ಸುತ್ತಳತೆಯ ಕೋಟೆಗೋಡೆಯ ಮೇಲೆ ಬಾಡಿಗೆ ಸೈಕಲ್ ಸವಾರಿ (ಇದು ಗುಮಾಸ್ತನ ಹಟ), ಬಳಿಕ ತಿಂಡಿ. ನಾಲ್ಕನೆಯ ದಿನ: ತಿಂಡಿ, ಮಧ್ಯಾಹ್ನ, ಸಮಯ ಉಳಿದರೆ, ದೊಡ್ಡ ಕಾಡುಬಾತುಕೋಳಿಯ ಗೋಪುರ. ಐದನೆಯ ದಿನ: ಹ್ವಾಷಾನ್ ಬೆಟ್ಟ.

ಮಾಸ್ತರರು ಭೂತಗನ್ನಡಿ ಕೆಳಗಿಟ್ಟರು. ‘ಸಮಯ ಉಳಿದರೆ?’ ಎಂದರು.

ನಾವು ಮೂವರೂ ತಲೆತಗ್ಗಿಸಿದೆವು. ಅರುವತ್ತು ದಾಟಿದ ಮೊಮ್ಮಕ್ಕಳಂದಿರು ನಾವು; ಆದರೂ ಆ ಸ್ವರ ಕೇಳಿದೊಡನೆ ಅಂಗೈ ತಾನಾಗಿ ಬೆತ್ತಕ್ಕೆ ಸಿದ್ಧವಾಯಿತು. ಆ ಗೋಪುರವೇ ಹ್ಯೂಯೆನ್ ತ್ಸಾಂಗನು ತಂದ ಗ್ರಂಥಗಳ ರಕ್ಷಣೆಗಾಗಿ 652ರಲ್ಲಿ ಎತ್ತಿದ್ದು. ಇಟ್ಟಿಗೆಯ ಬುಟ್ಟಿಗಳನ್ನು ಅವನೂ ಹೊತ್ತನೆಂದು ಅವನ ಶಿಷ್ಯರು ಬರೆದ ಚರಿತ್ರೆಯಲ್ಲಿದೆ. ಮುಂದೆ ಕುಸಿದು, ಎಂಟನೆಯ ಶತಮಾನದ ಆರಂಭದಲ್ಲಿ ಮತ್ತೆ ಎದ್ದು, 1556ರ ಮಹಾಭೂಕಂಪವನ್ನೂ ತಾಳಿ, ಇಂದು ಏಳು ಅಂತಸ್ತಾಗಿ 64 ಮೀಟರು ಎತ್ತರ ನಿಂತಿದೆ. ಇಷ್ಟನ್ನೂ ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು. ಬಳಿಕ ಪಟ್ಟಿಯನ್ನು ತಿದ್ದಿದರು. ನಾಲ್ಕನೆಯ ದಿನ ಪೂರ್ತಿ ಗೋಪುರಕ್ಕೆ. ಐದನೆಯ ದಿನದ ಬೆಟ್ಟಕ್ಕೆ ಗೀಟು; ನಮ್ಮ ಮೊಣಕಾಲುಗಳ ಪರವಾಗಿ ನಾವೂ ವಿರೋಧಿಸಲಿಲ್ಲ. ಅದರ ಬದಲು ಊರಿನ ದಕ್ಷಿಣಕ್ಕಿರುವ ಷಿಂಗ್‌ಜಿಯಾವೊ ದೇವಾಲಯ. 664ರಲ್ಲಿ ತೀರಿಕೊಂಡ ಆ ಭಿಕ್ಷುವಿನ ಅಸ್ಥಿಗಳನ್ನು 669ರಲ್ಲಿ ತಂದಿಟ್ಟ ಸ್ಥಳವದು. ಮಣ್ಣಿನ ಸೈನ್ಯದ ದಿನಕ್ಕೆ ಮಾತ್ರ ಕೈಹಚ್ಚಲಿಲ್ಲ. 1974ರಲ್ಲಿ ಬಾವಿ ತೋಡಹೋದ ರೈತರ ಗುದ್ದಲಿಗೆ ಮಣ್ಣಿನ ತಲೆಯೊಂದು ಸಿಕ್ಕ ಸಂಗತಿಯನ್ನು ಅವರು ಅಂದು ಪತ್ರಿಕೆಯ ಚಿತ್ರ ತೋರಿಸಿ ಹೇಳಿದ್ದರು. ಸುಮಾರು ಎಂಟು ಸಾವಿರ ಯೋಧರು. ಹೊರಗಿನ ಗಾಳಿ ತಾಗಿದೊಡನೆ ಬಣ್ಣ ಕಳಚಿಕೊಂಡವರು. ಅವರ ಚಕ್ರವರ್ತಿಯ ಗೋರಿಯನ್ನು ಇಂದಿಗೂ ಅಗೆದಿಲ್ಲ.

ಕಾಫಿ ಬಂತು. ಮಾಸ್ತರರು ಭಟ್ಟನ ಕಡೆಗೆ ತಿರುಗಿ, ‘ನಿನಗೆ ನೆನಪಿದೆಯೋ, ಒಂದು ದಿನ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ’ ಎಂದರು.

ನೆನಪಿಲ್ಲದೆ ಏನು? ನಮಗೆಲ್ಲರಿಗೂ ಇತ್ತು. ಹ್ಯೂಯೆನ್ ತ್ಸಾಂಗನು ಪುಲಕೇಶಿಯ ಆಸ್ಥಾನಕ್ಕೆ ಬಂದು ಅರಸನನ್ನು ಕಂಡನೆಂದು ಅವರು ರಂಗಾಗಿ ವರ್ಣಿಸುತ್ತಿದ್ದಾಗ ಭಟ್ಟನು ಕೈಯೆತ್ತಿ, ‘ಅರಸನ ಮನೆಯಲ್ಲಿ ಅವನಿಗೆ ಊಟಕ್ಕೆ ಏನು ಬಡಿಸಿದರು?’ ಎಂದು ಕೇಳಿದ್ದನು. ತರಗತಿಯೇ ನಕ್ಕಿತು. ಹೊಟ್ಟೆಯ ಹೊರತು ಬೇರೇನೂ ತಿಳಿಯದವನೆಂದು ಮಾಸ್ತರರು ಗದರಿಸಿ ನಿಲ್ಲಿಸಿದರು. ಆ ತಿಂಗಳು ಕಳೆದ ಮೇಲೆ ಭಟ್ಟನು ಶಾಲೆಗೆ ಬರಲಿಲ್ಲ. ನಾವಿಬ್ಬರು ಮೆಟ್ರಿಕ್ ಪಾಸಾದೆವು. ಅವನು ಒಂಬತ್ತನೆಯ ತರಗತಿಗೇ ನಿಂತನು.

‘ನಾನು ಆಮೇಲೆ ಆ ಗ್ರಂಥದ ಅನುವಾದವನ್ನು ಹುಡುಕಿ ಓದಿದೆ’ ಎಂದರು ಮಾಸ್ತರರು. ‘ಅರಸನ ಹೆಸರಿದೆ, ಅವನ ಪರಾಕ್ರಮವಿದೆ. ಆದರೆ ತಾನು ಅವನನ್ನು ಕಂಡೆನೆಂದು ಆ ಭಿಕ್ಷು ಎಲ್ಲಿಯೂ ಸ್ಪಷ್ಟವಾಗಿ ಬರೆದಿಲ್ಲ. ರಾಜಧಾನಿಯ ಹೆಸರನ್ನೂ ಹೇಳಿಲ್ಲ. ಅದು ಬಾದಾಮಿಯೋ ನಾಸಿಕವೋ ಎಂದು ವಿದ್ವಾಂಸರಲ್ಲಿ ಚರ್ಚೆಯಿದೆ. ಆಸ್ಥಾನ, ಸಿಂಹಾಸನ, ಸತ್ಕಾರ ಎಲ್ಲ ನಾನು ಸೇರಿಸಿದ್ದು. ನೀನು ಊಟದ ಪ್ರಶ್ನೆ ಕೇಳಿದ್ದು ಸರಿಯಾಗಿತ್ತು. ನನಗೆ ಉತ್ತರ ತಿಳಿದಿರಲಿಲ್ಲ. ಅದಕ್ಕೇ ಸಿಟ್ಟು ಬಂತು. ನೀನು ಶಾಲೆ ಬಿಟ್ಟದ್ದು ನನ್ನಿಂದ.’

ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಭಟ್ಟನು ಕಾಫಿಯ ಲೋಟವನ್ನು ನೆಲದ ಮೇಲಿಟ್ಟು, ‘ಅಲ್ಲ ಮಾಸ್ತರೇ’ ಎಂದನು. ‘ಆ ತಿಂಗಳು ಮಾಲಿಕರು ನನ್ನನ್ನು ರಾತ್ರಿ ಪಾಳಿಯ ಅಡುಗೆಗೆ ಹಾಕಿದರು. ಊರಿಗೆ ಹಣ ಕಳುಹಿಸಬೇಕಿತ್ತು. ನಿಮ್ಮ ಹತ್ತಿರ ಹೇಳಿ ಹೋಗಲು ನಾಚಿಕೆಯಾಯಿತು.’

ಮಾಸ್ತರರು ಅವನನ್ನೇ ನೋಡುತ್ತ ಕುಳಿತರು. ಇಷ್ಟು ವರ್ಷ ಆ ಭಾರವನ್ನು ಅವರೊಬ್ಬರೇ ಹೊತ್ತಿದ್ದರೆಂದು ನಮಗಾದರೂ ಎಲ್ಲಿ ಗೊತ್ತಿತ್ತು? ನಾವಿಬ್ಬರೂ ಹಾಗೆಯೇ ತಿಳಿದಿದ್ದೆವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅವನ ಮುಂದೆ ಆ ದಿನದ ಮಾತನ್ನು ಎಂದೂ ಎತ್ತಿರಲಿಲ್ಲ, ಕೇಳಿದ್ದರೆ ಎಂದೋ ತಿಳಿಯುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರು ಮತ್ತೆ ಪೆನ್ಸಿಲು ಎತ್ತಿಕೊಂಡರು. ನಾಲ್ಕನೆಯ ದಿನದ ಸಾಲಿನಲ್ಲಿ, ಗೋಪುರದ ಕೆಳಗೆ, ತಾವೇ ಅಳಿಸಿದ್ದ ‘ತಿಂಡಿ’ ಎಂಬ ಶಬ್ದವನ್ನು ಪುನಃ ಬರೆದರು. ಅಕ್ಟೋಬರದಲ್ಲಿ ಅಲ್ಲಿ ಪರ್ಸಿಮನ್ ಹಣ್ಣು ಮಾಗುವ ಕಾಲ; ಉತ್ತರದವರು ಜಾಪಾನಿ ಫಲ್ ಎನ್ನುವರಲ್ಲ, ಅದು. ಅದರ ತಿರುಳನ್ನು ಹಿಟ್ಟಿಗೆ ಕಲಸಿ, ಸಿಹಿ ಹೂರಣ ತುಂಬಿ, ಎಣ್ಣೆಯಲ್ಲಿ ಬೇಯಿಸುವರೆಂದು ಭಟ್ಟನು ವಿವರಿಸಿದಾಗ, ‘ಹಾಗಾದರೆ ಮುಳುಕದ ಹಾಗೆ ಇರಬೇಕು’ ಎಂದು ಮಾಸ್ತರರು ತಿದ್ದಿದರು. ಸುಕ್ಕಿನುಂಡೆಯ ಹಾಗೆಂದು ಭಟ್ಟನು. ಇಬ್ಬರಿಗೂ ವಾದವಾಯಿತು. ಅದು ಇನ್ನೂ ಇತ್ಯರ್ಥವಾಗಿಲ್ಲ.

ಭೂಪಟ ಅವರ ಅಟ್ಟದ ಮೇಲಿದೆಯಂತೆ. ಮಡಿಕೆಗಳಲ್ಲಿ ಹರಿದಿದೆ, ಬರುವ ರವಿವಾರ ಗೋಂದು ತರಬೇಕೆಂದು ಗುಮಾಸ್ತನಿಗೆ ಹೇಳಿ ಕಳುಹಿಸಿರುವರು.