‘ಯಾವ ದೇಶ?’ ಅನ್ನಬೇಡಿ, ‘ಯಾವ ಊರು?’ ಅನ್ನಿ

ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯುತ್ತಾ ನಿಂತರೆ ನಮಗೆ ಇದು ತಪ್ಪಿದ್ದಲ್ಲ. ಯಾರೋ ಒಬ್ಬರು ಹತ್ತಿರ ಬಂದು, ನಿಮ್ಮದು ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ನಾವು ಅಕ್ಕ ತಂಗಿ ಮುಖ ಮುಖ ನೋಡಿಕೊಳ್ಳುತ್ತೇವೆ. ‘ಯಲ್ಲಾಪುರ ರೀ ಅಣ್ಣಾ’ ಎಂದರೆ ಕೆಲವರು ನಾಚಿಕೊಂಡು ಹೋಗುತ್ತಾರೆ. ‘ಅಬ್ಬಾ, ಕನ್ನಡ ಎಷ್ಟು ಚಲೋ ಮಾತಾಡ್ತೀರಿ! ಯಾವಾಗ ಕಲಿತ್ರಿ?’ ಎಂದವರೂ ಇದ್ದಾರೆ.

ಒಮ್ಮೆ ಜಾತಿ ಪ್ರಮಾಣ ಪತ್ರಕ್ಕೆಂದು ಒಂದು ಕಚೇರಿಗೆ ಹೋಗಿದ್ದೆವು. ಕೌಂಟರಿನಲ್ಲಿದ್ದವರು ತಲೆ ಎತ್ತಿ ನಮ್ಮನ್ನು ನೋಡಿ, ‘ಪಾಸ್‌ಪೋರ್ಟ್ ತಂದೀರೇನು?’ ಎಂದರು. ನಮ್ಮ ಕೈಯಲ್ಲಿ ಇದ್ದದ್ದು ಅಪ್ಪನ ರೇಷನ್ ಕಾರ್ಡು.

ನಾವು ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೊಯಿಡಾ ಕಡೆಯ ಕಾಡಂಚಿನ ಊರುಗಳಲ್ಲಿ ನಮ್ಮ ಮನೆಗಳಿವೆ. ನಮ್ಮ ಹಿರಿಯರು ಆಫ್ರಿಕಾದವರು. ಅಲ್ಲಿಂದ ಸಮುದ್ರ ದಾಟಿ ಬಂದವರಲ್ಲಿ ಸೈನಿಕರೂ ನಾವಿಕರೂ ಇದ್ದರು. ಆದರೆ ನಮ್ಮ ಕಡೆಯ ಹೆಚ್ಚಿನವರ ಹಿರಿಯರನ್ನು ಪೋರ್ಚುಗೀಸರು ಹಡಗಿನಲ್ಲಿ ಗೋವಾಕ್ಕೆ ತಂದು ಗುಲಾಮರಾಗಿ ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಈ ಕಾಡು ಸೇರಿದರು. ಪೋರ್ಚುಗೀಸರು ತಮ್ಮ ಆಳ್ವಿಕೆಯ ಜಾಗಗಳಲ್ಲೆಲ್ಲ ಗುಲಾಮಗಿರಿಯನ್ನು ಕಾನೂನಿನಲ್ಲಿ ರದ್ದು ಮಾಡಿದ್ದು 1869ರಲ್ಲಿ.

ಪತ್ರಿಕೋದ್ಯಮ ಓದುವಾಗ ನಿಮ್ಮ ಸಮುದಾಯದ ಭಾಷೆಯ ಬಗ್ಗೆ ಬರೆಯಿರಿ ಎಂದು ಸರ್ ಹೇಳಿದ್ದರು. ಆಫ್ರಿಕಾದ ಹತ್ತು ಪದವಾದರೂ ಇರಲಿ ಎಂದರು. ನಾವು ಅಜ್ಜಿಗೆ ಫೋನ್ ಮಾಡಿದೆವು. ಅಜ್ಜಿ ನಕ್ಕುಬಿಟ್ಟಳು. ‘ಎಲ್ಲಿಂದ ತರ್ಲಿ ಮಗಾ? ನನ್ನಜ್ಜಿ ಮಾತಾಡಿದ್ದೂ ಇದೇ ಕೊಂಕಣಿ.’ ಒಂದು ಪದವೂ ಸಿಕ್ಕಲಿಲ್ಲ ಎಂದು ಬರೆದುಕೊಟ್ಟೆವು. ಅಂಕ ಕಡಿಮೆ ಬಂತು.

ಅಂದು ಅವಮಾನವೆನಿಸಿತ್ತು. ಆಮೇಲೆ ಯೋಚಿಸಿದಾಗ ಕಾರಣ ಗೊತ್ತಾಯಿತು. ಭಾಷೆ ಉಳಿಯಬೇಕೆಂದರೆ ಕಡೇಪಕ್ಷ ಇಬ್ಬರು ಬೇಕು. ಒಂದೇ ಹಡಗಿನಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ಮಾತಿನ ಜನರನ್ನು ತುಂಬಿ ತಂದು, ಒಬ್ಬೊಬ್ಬರನ್ನು ಒಂದೊಂದು ಮನೆಗೆ ಮಾರಿದರೆ ಅವರು ಯಾರ ಹತ್ತಿರ ಮಾತಾಡಬೇಕು? ಒಡೆಯನ ಮಾತು ಕಲಿತರು. ಮಕ್ಕಳಿಗೆ ಅದೇ ತಾಯಿಮಾತಾಯಿತು.

ಹಾಗೆ ಬಂದ ಕೊಂಕಣಿಗೆ ಕನ್ನಡ, ಮರಾಠಿ ಸೇರಿ ನಮ್ಮದೇ ಒಂದು ಮಾತಾಗಿದೆ. ಹಳಿಯಾಳ ಕಡೆಯ ಮುಸ್ಲಿಂ ಸಿದ್ದಿಗಳ ಮನೆಗಳಲ್ಲಿ ಉರ್ದುವೂ ಇದೆ. ಗುಜರಾತಿನಲ್ಲೂ ಸಿದ್ದಿಗಳಿದ್ದಾರೆ, ಅವರದು ಗುಜರಾತಿ. ನಮ್ಮಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ, ಆದರೆ ಹೆಸರಿನ ಕೊನೆಗೆ ‘ಸಿದ್ದಿ’ ಎಂದೇ ಬರೆಯುತ್ತೇವೆ. ದಮಾಮಿ ಬಾರಿಸಿದರೆ ಯಾವ ಮನೆಯವರ ಕಾಲೂ ಸುಮ್ಮನಿರುವುದಿಲ್ಲ.

ನಮ್ಮ ಹೆಂಗಸರು ಹೊಲಿಯುವ ಕೌದಿಯೂ ಹಾಗೇ. ಹರಿದ ಸೀರೆ, ಹಳೆ ಅಂಗಿಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನವರೆಗೆ ಹೊಲಿಯುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆಯ ‘ಫುಲಾ’ ಅಂದರೆ ಹೂವು ಹಚ್ಚಲೇಬೇಕು. ಹೂವಿಲ್ಲದ ಕೌದಿ ನಮ್ಮಲ್ಲಿ ಬತ್ತಲೆ ಇದ್ದಂತೆ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ನಮ್ಮವರೊಬ್ಬರು ಶಾಸನಸಭೆಯೊಳಗೆ ಹೋದದ್ದು ಅದೇ ಮೊದಲು. ಈಗ ನಮ್ಮ ಮಕ್ಕಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾರೆ. ಅದು ಸಂತೋಷವೇ. ಆದರೆ ಕಳೆದ ರಜೆಯಲ್ಲಿ ನಮ್ಮ ಚಿಕ್ಕಪ್ಪನ ಮಗ ಊರಿಗೆ ಬಂದಾಗ, ಅಜ್ಜಿ ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಟ್ಟ. ಯಾಕೋ ಎಂದರೆ, ‘ಅಲ್ಲಿ ಎಲ್ಲಾರೂ ನಗ್ತಾರೆ ಅಕ್ಕಾ’ ಎಂದ.

ಅವತ್ತು ರಾತ್ರಿಯೇ ನಾವು ಅಜ್ಜಿಯ ಮುಂದೆ ಮೊಬೈಲ್ ಇಟ್ಟು ಕೂತೆವು. ಕಾಡಿನ ಸೊಪ್ಪಿನ ಹೆಸರು, ಜೇನಿನ ಹೆಸರು, ಮಗು ಮಲಗಿಸುವ ಹಾಡು, ಬೈಗುಳ, ಎಲ್ಲ ರೆಕಾರ್ಡ್ ಮಾಡುತ್ತಿದ್ದೇವೆ. ಕನ್ನಡ ಅಕ್ಷರದಲ್ಲೇ ಬರೆದಿಡುತ್ತಿದ್ದೇವೆ. ಒಂದು ಭಾಷೆಯನ್ನು ನಮ್ಮಿಂದ ಕಿತ್ತುಕೊಂಡರು. ಇನ್ನೊಂದನ್ನು ನಾಚಿಕೆಯಿಂದ ನಾವೇ ಬಿಟ್ಟುಕೊಡಬಾರದು.

ಓದುತ್ತಿರುವ ನಿಮ್ಮಲ್ಲಿ ಒಂದು ವಿನಂತಿ. ಬಸ್ಸಿನಲ್ಲಿ ಪಕ್ಕ ಕೂತವರನ್ನು ನೀವು ‘ಯಾವ ಊರಾತು ನಿಮ್ದು?’ ಎಂದು ಕೇಳುತ್ತೀರಲ್ಲ, ನಮ್ಮನ್ನೂ ಹಾಗೇ ಕೇಳಿ. ಊರು ಹೇಳುತ್ತೇವೆ, ಯಾರ ಮನೆಯವರು ಎಂದೂ ಹೇಳುತ್ತೇವೆ. ದಾರಿ ಉದ್ದಕ್ಕೂ ಮಾತಾಡಬಹುದು.