ತೋಮನ ಎಂಟು ದಿನ

ನಮ್ಮ ಚರ್ಚ್‌ಗಳಲ್ಲಿ ಯಾರಾದ್ರೂ ಒಂದು ಪ್ರಶ್ನೆ ಜಾಸ್ತಿ ಕೇಳಿದ್ರೆ ತಕ್ಷಣ ಒಂದು ಅಡ್ಡಹೆಸರು ಸಿಗುತ್ತೆ: ‘ಸಂಶಯದ ತೋಮ’. ನಿಮಗೂ ಸಿಕ್ಕಿದೆಯಾ? ಹಾಗಾದ್ರೆ ಇವತ್ತಿನ ಪೋಸ್ಟ್ ನಿಮಗೇ.

ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಪ್ರತಿ ವರ್ಷ ಈಸ್ಟರ್ ಆದ ಮುಂದಿನ ಭಾನುವಾರ ಇವನ ಕಥೆ ಓದ್ತಾರೆ. ಯೊವಾನ್ನನ ಶುಭಸಂದೇಶ, 20ನೇ ಅಧ್ಯಾಯ. ಸತ್ತಿದ್ದ ಯೇಸು ಎದ್ದು ಬಂದು ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮ ಅಲ್ಲಿರಲಿಲ್ಲ. ಉಳಿದವರ ಮಾತನ್ನ ಅವನು ಒಪ್ಪಲಿಲ್ಲ. ಮೊಳೆಯ ಗುರುತು ನೋಡಬೇಕು, ಬೆರಳಿಟ್ಟು ಮುಟ್ಟಬೇಕು, ಇಲ್ಲಾಂದ್ರೆ ನಂಬಲ್ಲ ಅಂದ. ಬಿಕಾಂನವರಿಗೆ ಇದು ಅರ್ಥವಾಗುತ್ತೆ ಬಿಡಿ. ವೌಚರ್ ನೋಡದೆ ಎಂಟ್ರಿ ಒಪ್ಪಬಾರದು ಅಂತ ತಾನೇ ನಮಗೂ ಆಡಿಟಿಂಗ್‌ನಲ್ಲಿ ಕಲಿಸೋದು?

ಆದ್ರೆ ಅದೇ ಅಧ್ಯಾಯವನ್ನ ಸ್ವಲ್ಪ ಹಿಂದಿನಿಂದ ಓದಿ. ಉಳಿದವರಿಗೆ ಯೇಸು ಆಗಲೇ ತಮ್ಮ ಕೈ, ಪಕ್ಕೆ ತೋರಿಸಿದ್ರು. ತೋಮ ಕೇಳಿದ್ದು ಹೆಚ್ಚುಕಡಿಮೆ ಅದನ್ನೇ. ಸಮಾಧಿಯಿಂದ ಹೆಂಗಸರು ಓಡಿ ಬಂದು ಸುದ್ದಿ ಹೇಳಿದಾಗ ಇದೇ ಶಿಷ್ಯರು ಅದನ್ನ ಬರೀ ಹರಟೆ ಅಂದುಕೊಂಡ್ರು ಅಂತ ಲೂಕ ಬರೀತಾನೆ. ಹೆಸರು ಕೆಟ್ಟಿದ್ದು ಮಾತ್ರ ಇವನೊಬ್ಬನದು.

ಇನ್ನೊಂದು ಗಮನಿಸಿ. ಕಣ್ಣಾರೆ ಕಂಡವರಿಗೂ ಗುರುತು ಸಿಗಲಿಲ್ಲ. ಮಗ್ದಲದ ಮರಿಯ ಯೇಸುವನ್ನ ತೋಟದ ಮಾಲಿ ಅಂದುಕೊಂಡಳು. ಹೆಸರು ಹಿಡಿದು ಕರೆದಾಗಲೇ ಗೊತ್ತಾಗಿದ್ದು. ಎಮ್ಮಾವುಸ್ ಊರಿಗೆ ಹೊರಟಿದ್ದ ಇಬ್ಬರು ದಾರಿಯುದ್ದಕ್ಕೂ ಜೊತೆಗೇ ನಡೆದ್ರು, ಮಾತಾಡಿದ್ರು, ಗೊತ್ತಾಗಲಿಲ್ಲ. ಊಟಕ್ಕೆ ಕೂತು ರೊಟ್ಟಿ ಮುರಿದಾಗ ಕಣ್ಣು ತೆರೆಯಿತು. ಒಬ್ಬಳಿಗೆ ಹೆಸರು, ಇಬ್ಬರಿಗೆ ರೊಟ್ಟಿ, ಒಬ್ಬನಿಗೆ ಗಾಯ. ಎಲ್ಲರಿಗೂ ಒಂದೇ ಬಾಗಿಲು ಅಂತ ಈ ಕಥೆಗಳು ಎಲ್ಲೂ ಹೇಳಲ್ಲ.

ಇದು ನನಗೆ ಯಾಕೆ ಮುಖ್ಯ ಅಂದ್ರೆ, ಅಜ್ಜಿ ತೀರಿಹೋದ ಮೇಲೆ ಜಪಸರ ಹಿಡಿದ್ರೆ ಕೈಯಲ್ಲಿ ಮಣಿ ಮಾತ್ರ ಇರುತ್ತೆ, ಪ್ರಾರ್ಥನೆ ಇರಲ್ಲ. ಪೂಜೆಗೆ ಹೋಗ್ತೀನಿ, ಹಿಂದಿನ ಬೆಂಚಲ್ಲಿ ಕೂರ್ತೀನಿ, ಎಲ್ಲರೂ ಎದ್ದಾಗ ಏಳ್ತೀನಿ. ‘ನಿಂಗೆ ವಿಶ್ವಾಸ ಸಾಲದು’ ಅಂತ ಒಬ್ಬರು ಹೇಳಿದ್ರು. ಇರಬಹುದು. ಆದ್ರೆ ಅಲ್ಲಿಂದ ಎದ್ದು ಹೋಗೋಕೂ ಮನಸ್ಸಾಗ್ತಿಲ್ಲ.

ಅದಕ್ಕೇ ತೋಮನ ಕಥೆಯಲ್ಲಿ ನನ್ನನ್ನ ಹಿಡಿದು ನಿಲ್ಲಿಸೋದು ಗಾಯ ಅಲ್ಲ, ನಡುವಿನ ಎಂಟು ದಿನ. ನಂಬದೇ ಇದ್ದವನು ಎಂಟು ದಿನ ಆದ ಮೇಲೂ ನಂಬಿದವರ ಜೊತೆ ಅದೇ ಮನೆಯಲ್ಲಿದ್ದ. ಅವನೂ ಬಿಟ್ಟು ಹೋಗಲಿಲ್ಲ, ಅವರೂ ಹೊರಗೆ ಹಾಕಲಿಲ್ಲ. ಆಮೇಲೆ ಯೇಸು ಮತ್ತೆ ಬಂದ್ರು, ನೇರವಾಗಿ ಅವನ ಹತ್ತಿರ ಮಾತಾಡಿ ಗಾಯ ಮುಟ್ಟು ಅಂದ್ರು. ಕರವಾಜ್ಜೊ ಬಿಡಿಸಿದ ಚಿತ್ರದಲ್ಲಿ ತೋಮನ ಬೆರಳು ಗಾಯದೊಳಗೇ ಇದೆ. ಆದ್ರೆ ಮುಟ್ಟಿದ ಅಂತ ಯೊವಾನ್ನ ಬರೆದೇ ಇಲ್ಲ. ಅವನು ಯೇಸುವನ್ನ ನೇರವಾಗಿ ದೇವರು ಅಂತ ಕರೆದ, ಅಷ್ಟೇ. ಹೌದು, ನೋಡದೆ ನಂಬುವವರನ್ನ ಯೇಸು ಹೊಗಳಿದ್ದೂ ಅಲ್ಲೇ. ಆದ್ರೆ ಅದು ಗಾಯ ತೋರಿಸಿದ ಮೇಲಿನ ಮಾತು.

ನಿಮಗೆ ನಂಬಿಕೆ ಗಟ್ಟಿ ಇದ್ದರೆ ಒಂದೇ ಕೆಲಸ ಮಾಡಿ. ಪಕ್ಕದಲ್ಲಿ ಬಂದು ಕೂರುವ ತೋಮನಿಗೆ ಉಪದೇಶ ಬೇಡ, ಬೆಂಚಲ್ಲಿ ಸ್ವಲ್ಪ ಜಾಗ ಬಿಡಿ. ಇಲ್ಲದಿದ್ದರೆ ಬನ್ನಿ, ನನ್ನ ಪಕ್ಕ ಜಾಗ ಇದೆ. ನನ್ನ ಎಂಟು ದಿನ ಇನ್ನೂ ಮುಗಿದಿಲ್ಲ.

#ತೋಮ #ನಂಬಿಕೆ #ಹಿಂದಿನಬೆಂಚು